‘ಆಯಿ ಬಂತು’ ಎಂದರೆ ಅಗೌರವವೇ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕೂಸಿರುವ ಮನೆಗೆ ಬೀಸಣಿಗೆ ಯಾತಕ್ಕೆ ಎಂದು ಕೇಳುವ ಜನಪದ ತ್ರಿಪದಿಯನ್ನು ಹಾಡಿಸಿ ಅರ್ಥ ಕೇಳಿದಾಗ, ಹವ್ಯಕ ಮನೆಗಳಿಂದ ಬರುವ ಕೆಲವು ಮಕ್ಕಳು ಅದನ್ನು ದೊಡ್ಡ ಹುಡುಗಿಯೊಬ್ಬಳ ಹಾಡೆಂದು ತಿಳಿದಿದ್ದರು. ಅದೇ ಮಕ್ಕಳು ಪ್ರಬಂಧದಲ್ಲಿ ‘ಆಯಿ ಬಂತು’ ಎಂದು ಬರೆಯುತ್ತಾರೆ. ತಾಯಿಗೆ ನಪುಂಸಕಲಿಂಗ ಬಳಸುವುದು ಅಗೌರವವಲ್ಲವೇ? ಇದನ್ನು ಹೇಗೆ ತಿದ್ದಲಿ?
— ಶಿಕ್ಷಕಿ, ಶಿರಸಿ ತಾಲ್ಲೂಕು

ಉತ್ತರ: ಪ್ರಬಂಧವನ್ನು ಅಗತ್ಯವಾಗಿ ತಿದ್ದಿ, ಆದರೆ ಅಗೌರವದ ಮಾತನ್ನು ಮಕ್ಕಳ ಮುಂದೆ ಎತ್ತಬೇಡಿ. ಹವ್ಯಕ ಕನ್ನಡದಲ್ಲಿ ಅಕ್ಕ, ಅಜ್ಜಿ, ಆಯಿ ಎಲ್ಲರೂ ಏಕವಚನದಲ್ಲಿ ‘ಬಂತು’ ಎಂಬ ರೂಪವನ್ನೇ ಪಡೆಯುತ್ತಾರೆ. ಒಬ್ಬರನ್ನು ಕೀಳಾಗಿಸಬೇಕಾದರೆ ಅವರಿಗೆ ಸಲ್ಲಬೇಕಾದ ಮೇಲಿನ ರೂಪವೊಂದು ಕೈಗೆ ಸಿಗುವಂತಿದ್ದು, ಅದನ್ನು ಬೇಕೆಂದೇ ಬಿಟ್ಟಿರಬೇಕು. ಗ್ರಂಥಸ್ಥ ಕನ್ನಡದಲ್ಲಿ ‘ಬಂದಳು’, ‘ಬಂದರು’ ಎಂಬ ರೂಪಗಳು ಇರುವುದರಿಂದಲೇ ಅಲ್ಲಿ ಬೆಳೆದ ಹೆಂಗಸಿಗೆ ‘ಬಂತು’ ಎಂದರೆ ಚುಚ್ಚುತ್ತದೆ. ಆ ಏಕವಚನದ ‘ಬಂದಳು’ ಇಲ್ಲದ ಮನೆಮಾತಿನಲ್ಲಿ ಚುಚ್ಚಲು ಮೊನೆಯೇ ಇಲ್ಲ. ತೆಲುಗಿನಲ್ಲಿ ಸೀತೆಗೂ ನಾಯಿಗೂ ‘ವಚ್ಚಿಂದಿ’ ಎಂಬ ಒಂದೇ ಕ್ರಿಯಾರೂಪ ಸಲ್ಲುತ್ತದೆ, ಅಲ್ಲಿ ಯಾವ ಸೀತೆಯೂ ಇದಕ್ಕಾಗಿ ಮುನಿಸಿಕೊಂಡದ್ದಿಲ್ಲ. ಘಟ್ಟದ ಕೆಳಗೆ ಕಾರವಾರದ ಕಡೆಗೆ ಇಳಿದರೆ, ಕೊಂಕಣಿಯಲ್ಲೂ ಎಳೆಯ ಹುಡುಗಿಯರಿಗೆ ನಪುಂಸಕ ರೂಪವನ್ನು ಬಳಸುವ ರೂಢಿ ಇದೆ. ಅಷ್ಟೇಕೆ, ಪಠ್ಯಪುಸ್ತಕದ ಕನ್ನಡವೇ ‘ಮಗು ಅತ್ತಿತು’ ಎನ್ನುತ್ತದೆ. ದೊಡ್ಡವರ ಬಗೆಗೂ ಕರುಣೆ ಉಕ್ಕಿದಾಗ ‘ಪಾಪ, ಬೆಳಗಿನಿಂದ ಅದು ಏನೂ ತಿಂದಿಲ್ಲ’ ಎನ್ನುತ್ತೇವೆ.

ತಿದ್ದುವ ವಿಧಾನಕ್ಕೆ ಬರುತ್ತೇನೆ. ‘ಆಯಿ ಬಂತು’, ‘ಅಮ್ಮ ಬಂದಳು’, ‘ಅಮ್ಮ ಬಂದರು’ ಎಂಬ ಮೂರನ್ನೂ ಕರಿಹಲಗೆಯ ಮೇಲೆ ಬರೆದು, ಯಾವುದನ್ನು ಯಾರು, ಎಲ್ಲಿ, ಯಾರೊಡನೆ ಆಡುತ್ತಾರೆ ಎಂದು ಮಕ್ಕಳನ್ನೇ ಕೇಳಿ. ಮೂರನೆಯದನ್ನು ತನ್ನ ತಾಯಿಗೆ ಬಳಸುವವರು ಕಡಿಮೆ, ಗೆಳೆಯನ ತಾಯಿಗೆ ಬಳಸುವವರು ಹೆಚ್ಚು ಎಂಬುದು ಆಗ ತಾನಾಗಿ ಹೊರಬೀಳುತ್ತದೆ. ಪರೀಕ್ಷೆಯ ಉತ್ತರದಲ್ಲಿ ‘ಬಂದಳು’ ಇರಲಿ. ಮಗು ಕಥೆ ಬರೆದು, ಅದರೊಳಗಿನ ಅಜ್ಜ ‘ಆಯಿ ಬಂತು’ ಎಂದರೆ ಅಲ್ಲಿಗೆ ಕೆಂಪು ಶಾಯಿ ಸಲ್ಲದು. ಅಜ್ಜನ ಬಾಯಲ್ಲಿ ಶಿಷ್ಟ ಕನ್ನಡವನ್ನು ತುರುಕಿದರೆ ಅವನು ಶಿರಸಿ ಸೀಮೆಯವನಾಗಿ ಉಳಿಯುವುದಿಲ್ಲ.

‘ಕೂಸು’ ವಿಷಯದಲ್ಲಿ ನಿಮ್ಮ ಮಕ್ಕಳು ಜಾಣರೇ. ಅವರ ಮನೆಗಳಲ್ಲಿ ಗಂಡುಹುಡುಗ ಮಾಣಿ, ಹುಡುಗಿ ಕೂಸು. ಮದುವೆಗೆ ನೋಡಲು ಹೋಗುವುದೂ ಕೂಸನ್ನೇ. ಆದರೆ ಆ ತ್ರಿಪದಿ ಬಯಲುಸೀಮೆಯದು, ಅಲ್ಲಿ ಕೂಸೆಂದರೆ ಹಸುಮಗು. ಈ ಅರ್ಥವನ್ನು ನೀವಾಗಿ ಹೇಳಿಬಿಡುವ ಬದಲು ಮುಂದಿನ ಸಾಲುಗಳತ್ತ ಅವರನ್ನು ಕಳಿಸಿ: ಮನೆಯ ಒಳಗೂ ಹೊರಗೂ ಆಡುತ್ತ, ಆ ಓಡಾಟದಿಂದಲೇ ಗಾಳಿ ಸುಳಿಯುವಂತೆ ಮಾಡುವವರು ಯಾರು? ಪದಕೋಶ ಕೊಡಲಾರದ ತೀರ್ಪನ್ನು ಹಾಡೇ ಕೊಡುತ್ತದೆ.

ಪ್ರಶ್ನೆ: ಚಿತ್ರಗೀತೆಗಳಲ್ಲಿ ಒಮ್ಮೆ ‘ಕಾಯುವೆನು’ ಎಂಬಂಥ ರೂಪ, ಇನ್ನೊಮ್ಮೆ ‘ಕಾಯ್ತೀನಿ’ ಎಂಬಂಥದ್ದು ಬರುತ್ತದೆ. ಇದು ರಾಗಕ್ಕೆ ಹೊಂದಿಸುವ ಅನಿವಾರ್ಯವೇ?
— ಪದವಿ ವಿದ್ಯಾರ್ಥಿ, ಕಾರವಾರ

ಉತ್ತರ: ಸಿನಿಮಾದಲ್ಲಿ ಬಹುಪಾಲು ರಾಗ ಮೊದಲು ಸಿದ್ಧವಾಗಿ ಪದಗಳು ಆಮೇಲೆ ಬರುವುದರಿಂದ ನಿಮ್ಮ ಅನುಮಾನ ಸಹಜವಾದದ್ದು. ಆದರೆ ಪ್ರಸ್ತಾರ ಹಾಕಿ ನೋಡಿ. ‘ಕಾಯುವೆನು’ ಒಂದು ಗುರು, ಮೂರು ಲಘು. ‘ಕಾಯ್ತೀನಿ’ ಎರಡು ಗುರು, ಒಂದು ಲಘು. ಎರಡೂ 5 ಮಾತ್ರೆಗಳೇ. ಲಯದ ಒಳಗುಣ ತುಸು ಬದಲಾದೀತೇ ಹೊರತು, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಲು ಮಾತ್ರೆಯ ಅಡ್ಡಿ ಇಲ್ಲ. (‘ಕಾಯುತ್ತಿದ್ದೇನೆ’ ಎಂಬುದಕ್ಕೆ ಮಾತ್ರ 9 ಮಾತ್ರೆ ಬೇಕು, ಹಾಡುಗಳಲ್ಲಿ ಆ ರೂಪ ಅಪರೂಪವಾಗಿರುವುದಕ್ಕೆ ಉದ್ದವೂ ಒಂದು ಕಾರಣವಿರಬಹುದು.) ಹಾಗಾಗಿ ಆಯ್ಕೆ ಮಾಡುವವನು ಗೀತೆಯನ್ನು ಬರೆದವನೇ. ‘ಕಾಯುವೆನು’ ಎಂದಾಗ ಭಾವಗೀತೆಯ ಕನ್ನಡ ಕೇಳಿಸಿ ಕಾಯುವಿಕೆ ವ್ರತದಂತೆ ತೋರುತ್ತದೆ. ‘ಕಾಯ್ತೀನಿ’ ಎಂದರೆ ಬಸ್ ನಿಲ್ದಾಣದಲ್ಲಿ ನಿಂತಿರುವ ಹುಡುಗ ಕಣ್ಣಿಗೆ ಬರುತ್ತಾನೆ.

ನಿಮ್ಮ ಊರಿನ ಮಟ್ಟಿಗೆ ಇದಕ್ಕೆ ಇನ್ನೊಂದು ಮುಖವೂ ಇದೆ. ಕೊಂಕಣಿ ಆಡುವ ಮನೆಯ ಮಗುವಿಗೆ ‘ಕಾಯುವೆನು’ ಶಾಲೆಯ ಪುಸ್ತಕದಿಂದ ಬಂದರೆ, ‘ಕಾಯ್ತೀನಿ’ ಬರುವುದು ಹೆಚ್ಚಾಗಿ ಸಿನಿಮಾದಿಂದ. ಬೆಂಗಳೂರು, ಮೈಸೂರು ಕಡೆಯ ಈ ಆಡುಮಾತು ಆ ಮಗುವಿಗೆ ‘ಸಹಜ ಕನ್ನಡ’ವಾಗಿ ಕೇಳಿಸುತ್ತದೆ, ಅಂಕೋಲಾ ಕುಮಟಾಗಳ ಕನ್ನಡವೋ ತೆರೆಯ ಮೇಲೆ ಕಾಣಿಸಿಕೊಳ್ಳುವುದೇ ಅಪರೂಪ, ಬಂದರೂ ಬಹುಮಟ್ಟಿಗೆ ನಗಿಸುವುದಕ್ಕೆ. ಕರಾವಳಿಯ ಕ್ರಿಯಾರೂಪಗಳಲ್ಲಿ ಒಂದು ಗಂಭೀರ ಪ್ರೇಮಗೀತೆಯನ್ನು ನೀವೇ ಬರೆದು ಗೆಳೆಯರಿಗೆ ಹಾಡಿ ತೋರಿಸಿ. ಯಾವ ಸಾಲಿಗೆ ಅವರು ನಗುತ್ತಾರೆಂಬುದನ್ನು ಗುರುತಿಟ್ಟುಕೊಂಡು ನಮಗೂ ಬರೆಯಿರಿ.