ಯಾರ ಕಡೆಯ ಸಂಸ್ಕೃತಿ ಮೇಲು? ಒಂದು ದಾಂಪತ್ಯ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಪತಿ ಮಂಡ್ಯ ಕಡೆಯ ಕೃಷಿಕ ಕುಟುಂಬದವರು, ಪತ್ನಿ ಉಡುಪಿ ಕಡೆಯ ಬಂಟ ಮನೆತನದವರು. ಮಗಳನ್ನು ತವರಿನ ಭೂತಕೋಲಕ್ಕೆ (ವೇಷ ಕಟ್ಟಿದವರ ಮೈಮೇಲೆ ದೈವ ಬಂದು ನುಡಿಕೊಡುವ ತುಳುನಾಡಿನ ಆರಾಧನೆ) ಕರೆದೊಯ್ಯುವ ಮಾತು ಬಂದಾಗ ಅತ್ತೆ, “ದೆವ್ವ ಕುಣಿಸೋ ಮನೆಗೆ ನನ್ನ ಮೊಮ್ಮಗಳನ್ನ ಕಳಿಸಲ್ಲ” ಎಂದರು. ಸೊಸೆಯೂ ಬಿಡಲಿಲ್ಲ. ತಮ್ಮದು ತಾಯಿಯ ಕಡೆಯಿಂದ ಬಳಿಯನ್ನೂ (ಕುಲವನ್ನೂ) ಆಸ್ತಿಯನ್ನೂ ಎಣಿಸುತ್ತಿದ್ದ ಅಳಿಯಸಂತಾನದ ನಾಡು, ಹೆಣ್ಣುಮಕ್ಕಳಿಗೆ ಸೀರೆ ಉಡಿಸಿ ಆಸ್ತಿಯ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವವರಿಂದ ತಾವು ಸಂಸ್ಕಾರ ಕಲಿಯಬೇಕಾಗಿಲ್ಲ ಎಂದರು. ನಾದಿನಿ ಅಂಥ ಪತ್ರಕ್ಕೆ ಸಹಿ ಹಾಕಿದ್ದವರೇ ಆದ್ದರಿಂದ ಆ ಮಾತು ನಾಟಿತು. ಎರಡು ಮನೆಗಳ ನಡುವೆ ಹೋಗಿಬರುವುದೇ ನಿಂತಿತು.

“ಯಾರ ಕಡೆಯದು ಮೇಲು, ನೀವೇ ಹೇಳಿ ಮೇಡಂ” ಎಂದು ಪತಿ ಆಪ್ತಸಮಾಲೋಚಕಿಯಾದ ನನ್ನನ್ನು ಕೇಳಿದರು. ಈ ಪ್ರಶ್ನೆಗೆ ತೀರ್ಪು ಕೊಡಲು ಬಾರದು, ಏಕೆಂದರೆ ಅಳೆಯುವ ಕೋಲನ್ನು ಇಬ್ಬರೂ ತಮ್ಮ ತಮ್ಮ ಮನೆಯಿಂದಲೇ ತಂದಿರುತ್ತಾರೆ. ಹಾಗೆ ಹೇಳುವ ಬದಲು ಅವರ ಊರಿನ ಮಾರಿಹಬ್ಬದಲ್ಲಿ ಯಾರ ಮೈಮೇಲೂ ದೇವರು ಬರುವುದಿಲ್ಲವೇ ಎಂದು ವಿಚಾರಿಸಿದೆ. ಅವರು ನಕ್ಕು, ತಮ್ಮ ಸ್ವಂತ ದೊಡ್ಡಪ್ಪನ ಮೈಮೇಲೇ ಬರುತ್ತಿತ್ತು ಎಂದರು. ಕೋಲವನ್ನು ಅವರು ಒಮ್ಮೆಯೂ ಕಂಡಿರಲಿಲ್ಲ.

ಪತ್ನಿಯನ್ನು ಕೇಳಿದ್ದು ಬೇರೆ. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಹರಿಯುತ್ತಿದ್ದಾಗ ಮನೆಯ ಆಡಳಿತ ಯಾರ ಕೈಯಲ್ಲಿತ್ತು? ಅಜ್ಜಿಯ ಅಣ್ಣನ ಕೈಯಲ್ಲಿ. ತಾಯಿಯ ಓದನ್ನು ಹೈಸ್ಕೂಲಿಗೇ ನಿಲ್ಲಿಸಿದವರೂ ಅವರೇ. ದೈವದ ನುಡಿಗೆ ಮನೆಯವರೆಲ್ಲ ಕೈಮುಗಿದು ನಿಲ್ಲುವರಲ್ಲ, ಬಣ್ಣ ಕಳಚಿದ ಮೇಲೆ ಆ ಕೋಲ ಕಟ್ಟುವ ಸಮುದಾಯದ ಪಂಬದರು ಎಲ್ಲಿ ಕುಳಿತು ಊಟ ಮಾಡುತ್ತಿದ್ದರು? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂಗಳದಲ್ಲಿ” ಎಂದರು.

ಹಾಗೆಂದು “ಅವರವರ ಪದ್ಧತಿ ಅವರವರಿಗೆ” ಎಂದು ಕೈತೊಳೆದುಕೊಳ್ಳುವ ಸಲಹೆಯನ್ನು ನಾನು ಕೊಡುವುದಿಲ್ಲ. ಆ ಮಾತಿನ ಮರೆಯಲ್ಲಿ ನೋಯುವವರು ಸಾಮಾನ್ಯವಾಗಿ ಮನೆಯಲ್ಲಿ ಧ್ವನಿಯಿಲ್ಲದವರೇ. ಕರ್ನಾಟಕ 1982ರ ಕಾಯ್ದೆಯ ಮೂಲಕ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದಾಗ ಯಾವುದೇ ಸಮುದಾಯವನ್ನು ಕೀಳೆಂದು ಸಾರಲಿಲ್ಲ, ಹೆಣ್ಣುಮಕ್ಕಳನ್ನು ಬಲಿಕೊಡುತ್ತಿದ್ದ ಒಂದು ಪದ್ಧತಿಯನ್ನು ತಡೆಯಿತು. ಒಂದು ಆಚರಣೆಯ ಬಗ್ಗೆ, ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂದು ನೋಡಿ, ಗಟ್ಟಿಯಾಗಿಯೇ ತೀರ್ಮಾನಿಸಬಹುದು. ಇಡೀ ಜನರ ಬಗ್ಗೆ ಹಾಗೆ ತೀರ್ಮಾನಿಸಲಾಗದು.

ಜಗಳದಲ್ಲಿ “ನಿಮ್ಮ ಕಡೆಯವರು” ಎಂಬ ಮಾತನ್ನು ಬಿಟ್ಟು, ನೋವು ಕೊಟ್ಟ ಸಂಗತಿಯನ್ನೂ ಅದನ್ನು ಮಾಡಿದವರನ್ನೂ ಮಾತ್ರ ಹೆಸರಿಸುವಂತೆ ಇಬ್ಬರಿಗೂ ಸೂಚಿಸಿದೆ. ಅತ್ತೆಯೊಂದಿಗೆ ಮಾತನಾಡಬೇಕಾದವರು ಮಗನೇ ಹೊರತು ಸೊಸೆಯಲ್ಲ. ಮಗಳನ್ನು ಕೋಲಕ್ಕೆ ಕರೆದೊಯ್ಯುವಾಗ ಪತಿಯೂ ಜೊತೆಯಲ್ಲಿರಬೇಕು. ನಾದಿನಿಯ ವಿಷಯವನ್ನು ಗಂಡ ಹೆಂಡಿರ ವಾದದಲ್ಲಿ ಅಸ್ತ್ರವಾಗಿ ಬಳಸುವುದು ಆ ಹೆಣ್ಣುಮಗಳಿಗೇ ಅವಮಾನ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದ 1994ರ ತಿದ್ದುಪಡಿ, ಬಳಿಕ ಕೇಂದ್ರದ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ನೀಡಿರುವುದರಿಂದ, ಸಹಿ ಯಾವ ಸ್ಥಿತಿಯಲ್ಲಿ ಆಯಿತೆಂಬುದನ್ನು ಅವರೇ ಬಯಸಿದರೆ ವಕೀಲರ ಮುಂದಿಡಬಹುದು ಎಂದೆ.

ಪತಿ ಕೋಲಕ್ಕೆ ಹೋಗಿಬಂದಿದ್ದಾರೆ. ಅತ್ತೆ ಇನ್ನೂ ಒಪ್ಪಿಲ್ಲ, ಆದರೆ ಮೊಮ್ಮಗಳು ಹೋದದ್ದಕ್ಕೆ ತಕರಾರು ತೆಗೆದಿಲ್ಲ. ತವರಿನಲ್ಲಿ ಊಟದ ಪಂಕ್ತಿಯ ವಿಷಯವನ್ನು ಎತ್ತುವುದು ಹೇಗೆಂಬುದೇ ಪತ್ನಿಗೆ ಈಗ ಉಳಿದಿರುವ ಪ್ರಶ್ನೆ. ಮುಂದಿನ ಭೇಟಿಯನ್ನು ಅದಕ್ಕೇ ಇಟ್ಟುಕೊಂಡಿದ್ದೇವೆ.