ಶೇಕಡಾ 40ರ ಮಿತಿ ಮತ್ತು ಪರೀಕ್ಷಾ ಕೊಠಡಿ

ಮಾನ್ಯರೇ,

ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ನಿಮ್ಮ ಮಗ ಕೇಳಿದ ಪ್ರಶ್ನೆಗೆ ಬಾಯಲ್ಲಿ ಸರಾಗವಾಗಿ ಉತ್ತರಿಸುತ್ತಾನೆ, ಅದನ್ನೇ ಬರೆಯಲು ಕುಳಿತರೆ ಎರಡು ಸಾಲು ಮುಗಿಯುವಷ್ಟರಲ್ಲಿ ಬೆರಳು ಸೆಟೆದುಕೊಂಡು ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ ಎಂದು ಬರೆದಿದ್ದೀರಿ. ಡಿಸ್‌ಗ್ರಾಫಿಯಾ (ಬರವಣಿಗೆಗೆ ಸಂಬಂಧಿಸಿದ ಕಲಿಕಾ ನ್ಯೂನತೆ) ಎಂದು ವೈದ್ಯರು ಪ್ರಮಾಣಪತ್ರ ಕೊಟ್ಟಿದ್ದರೂ, ನ್ಯೂನತೆ ಶೇ. 40ಕ್ಕಿಂತ ಕಡಿಮೆ ಇರುವುದರಿಂದ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವಾಗಲೀ, ಹೇಳಿದ ಉತ್ತರವನ್ನು ಬರೆದುಕೊಡುವ ಲಿಪಿಕಾರರಾಗಲೀ ಸಿಗುವುದಿಲ್ಲ, ಕೊಟ್ಟರೆ ಉಳಿದ ಮಕ್ಕಳಿಗೆ ಅನ್ಯಾಯವಾಗುತ್ತದೆ ಎಂಬುದು ಶಾಲೆಯ ನಿಲುವು. ಈ ನಿಲುವು ಕಾನೂನಿನ ಮುಂದೆ ನಿಲ್ಲುವಂಥದ್ದಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದಲ್ಲಿ ಶೇ. 40ರ ಮಿತಿ ಇರುವುದು ನಿಜ; ಆದರೆ ಅದು 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣ, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ಕ್ಕೆ ಕಡಿಮೆಯಿಲ್ಲದ ಮೀಸಲಾತಿ ಮುಂತಾದ ಕೆಲವು ಸೌಲಭ್ಯಗಳಿಗೆ ಹಾಕಿದ ಮಿತಿ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳಲ್ಲಿ ತಾರತಮ್ಯವಿಲ್ಲದ ಪ್ರವೇಶ ಹಾಗೂ ಆಯಾ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಗಳ ಬಗ್ಗೆ ಹೇಳುವ 16ನೇ ಕಲಮಿನಲ್ಲಾಗಲೀ, ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿಗಳನ್ನು ಹೆಸರಿಸುವ 17ನೇ ಕಲಮಿನಲ್ಲಾಗಲೀ ಆ ಮಿತಿ ಇಲ್ಲ. ಅಷ್ಟೇ ಅಲ್ಲ, ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವುದೇ ತಾರತಮ್ಯ ಎಂದು ಅಧಿನಿಯಮದ ವ್ಯಾಖ್ಯೆಯೇ ಹೇಳುತ್ತದೆ. ಸಂಸ್ಥೆಗೆ ಮಿತಿಮೀರಿದ ಹೊರೆಯಾಗುವ ಸಂದರ್ಭಕ್ಕೆ ವಿನಾಯಿತಿ ಉಂಟು. ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚು ಕೊಡುವುದು ಯಾವ ಶಾಲೆಗೆ ಅಂಥ ಹೊರೆಯಾದೀತು?

ಸುಪ್ರೀಂ ಕೋರ್ಟ್‌ ಈ ವಿಷಯವನ್ನು 2021ರ ಫೆಬ್ರುವರಿ 11ರಂದೇ ಇತ್ಯರ್ಥಪಡಿಸಿದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ನಾಗರಿಕ ಸೇವಾ ಪರೀಕ್ಷೆಯ ಅಭ್ಯರ್ಥಿಯೊಬ್ಬರಿಗೆ ಶೇ. 40ರ ನೆಪವೊಡ್ಡಿ ಲಿಪಿಕಾರರನ್ನು ನಿರಾಕರಿಸಿದ್ದನ್ನು ನ್ಯಾಯಾಲಯ ಒಪ್ಪಲಿಲ್ಲ. ಆ ಬಳಿಕ, 2022ರ ಆಗಸ್ಟ್‌ನಲ್ಲಿ, ಶೇ. 40ಕ್ಕಿಂತ ಕಡಿಮೆ ನ್ಯೂನತೆಯಿದ್ದು ಬರೆಯಲು ಕಷ್ಟಪಡುವವರಿಗಾಗಿಯೇ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿತು. ಉಳಿದ ಮಕ್ಕಳಿಗೆ ಅನ್ಯಾಯ ಎಂಬ ವಾದ ಕೇಳಲು ಚೆನ್ನಾಗಿದೆ, ಆದರೆ ಇತಿಹಾಸದ ಪರೀಕ್ಷೆ ಅಳೆಯಬೇಕಾದದ್ದು ಇತಿಹಾಸದ ತಿಳಿವಳಿಕೆಯನ್ನೇ ಹೊರತು ಬೆರಳಿನ ವೇಗವನ್ನಲ್ಲ.

ಇನ್ನು ಮಾಡಬೇಕಾದ ಕೆಲಸ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಮಾತಾಡಿ ಬಂದದ್ದಕ್ಕೆ ದಾಖಲೆ ಇರುವುದಿಲ್ಲವಾದ್ದರಿಂದ, ಮಗನಿಗೆ ಏನೇನು ಬೇಕೆಂದು ನಿರ್ದಿಷ್ಟವಾಗಿ ಬರೆದು, ಪ್ರಮಾಣಪತ್ರದ ಪ್ರತಿ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ನಿರಾಕರಿಸುವುದಾದರೆ ಕಾರಣವನ್ನು ಲಿಖಿತವಾಗಿ ಕೊಡಲಿ ಎಂದು ಅದರಲ್ಲೇ ಕೋರಿ. ಬಹಳಷ್ಟು ಶಾಲೆಗಳು ಈ ಹಂತದಲ್ಲೇ ಮೆತ್ತಗಾಗುತ್ತವೆ. ಆಗದಿದ್ದರೆ ಅಧಿನಿಯಮದಡಿ ನೇಮಕವಾದ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಅವರು ನೀಡುವುದು ಶಿಫಾರಸು ಎಂಬುದು ನೆನಪಿರಲಿ. ಆದರೂ ಶಿಫಾರಸು ಪಡೆದ ಪ್ರಾಧಿಕಾರವು ಮೂರು ತಿಂಗಳೊಳಗೆ ಕ್ರಮ ಕೈಗೊಳ್ಳಬೇಕು, ಒಪ್ಪದಿದ್ದರೆ ಅಷ್ಟರೊಳಗೆ ಕಾರಣ ತಿಳಿಸಬೇಕು. ಹತ್ತನೇ ತರಗತಿಯ ಪರೀಕ್ಷೆಗೆ ಮಂಡಳಿಯ ಅನುಮತಿ ಬೇರೆಯಾಗಿಯೇ ಬೇಕಾಗುವುದರಿಂದ, ಶಾಲೆಯ ಉತ್ತರಕ್ಕೆ ಕಾಯದೆ ಆ ಅರ್ಜಿಯ ಗಡುವನ್ನು ಈಗಲೇ ವಿಚಾರಿಸಿಟ್ಟುಕೊಳ್ಳಿ.

— ಸಂಪಾದಕರು