ಹಾಲು ಬಿಡುವುದು, ಕೀಬೋರ್ಡ್ ನೋಡದೆ ಟೈಪಿಂಗ್ ಕಲಿಯುವುದು, ಎರಡೂ ಒಟ್ಟಿಗೆ ಆಗುತ್ತಾ?

ಆಗುತ್ತದೆ. ಕಾಸರಗೋಡಿನ ಬದಿಯಡ್ಕದಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸುವ) ಕೆಲಸಕ್ಕೆ ಸೇರಿದ ವರ್ಷವೇ ನಾನು ಎರಡನ್ನೂ ಹಿಡಿದುಕೊಂಡೆ. ಒಂದು ಮುಗಿಸಿಯೇ ಇನ್ನೊಂದಾ ಅಂತ ಕೇಳಿದ್ದೀರಿ. ಆ ಚಿಂತೆ ಬೇಡ, ಚಿಂತೆ ಮಾಡಬೇಕಾದದ್ದು ಬೇರೆ ಇದೆ.

ವೀಗನ್ ಊಟ, ಅಂದರೆ ಹಾಲು, ಮೊಸರು, ಮೊಟ್ಟೆ, ಮಾಂಸ ಯಾವುದೂ ಇಲ್ಲದ ಊಟ, ನಮ್ಮ ಕಡೆ ಅಷ್ಟೇನೂ ಕಷ್ಟವಲ್ಲ. ನೀರುದೋಸೆ, ಪತ್ರೊಡೆ, ಗುಜ್ಜೆ (ಎಳೆ ಹಲಸು) ಪಲ್ಯ, ಕಾಯಿಹಾಲು ಹಾಕಿದ ಬಾಳೆಹಣ್ಣಿನ ರಸಾಯನ, ಯಾವುದಕ್ಕೂ ದನದ ಹಾಲು ಬೇಡ. ಹೋಟೆಲಿನಲ್ಲಿ ಕಟ್ಟನ್ ಚಾಯ (ಹಾಲಿಲ್ಲದ ಚಹಾ) ಕೇಳಿದರಾಯಿತು. ಕಡೆಯ ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳುವುದಿಲ್ಲ ಅಂತ ಅಮ್ಮನಿಗೆ ತುಂಬಾ ಬೇಜಾರಾಗಿತ್ತು, ಅಷ್ಟೇ.

ಕೆಲವು ತಿಂಗಳಾದ ಮೇಲೆ ಬೆರಳ ತುದಿ ಜುಮುಜುಮು ಅನ್ನತೊಡಗಿತು. ದಿನಾ ಟೈಪಿಂಗ್ ಮಾಡ್ತಿದ್ದೆ ಅಲ್ವಾ, ಅದರದ್ದೇ ಅಂದುಕೊಂಡೆ. ಕುರ್ಚಿ ಎತ್ತರ ಮಾಡಿದೆ. ಹೊಸ ಕೀಬೋರ್ಡ್ ತಂದೆ. ಕೊನೆಗೆ ಅಭ್ಯಾಸವನ್ನೇ ನಿಲ್ಲಿಸಿದೆ. ಆದರೂ ಕಡಿಮೆಯಾಗಲಿಲ್ಲ. ಅಂಗಾಲಿನಲ್ಲೂ ಅದೇ ಜುಮುಜುಮು ಇತ್ತು. ಟೈಪಿಂಗಿಗೂ ಅಂಗಾಲಿಗೂ ಏನು ಸಂಬಂಧ ಅಂತ ಆಗಲೇ ಕೇಳಿಕೊಳ್ಳಬೇಕಿತ್ತು, ಕೇಳಿಕೊಳ್ಳಲಿಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ವಿಟಮಿನ್ ತೀರಾ ಕಡಿಮೆ ಅಂತ ಗೊತ್ತಾಯಿತು. ನಮ್ಮದು ಮೊದಲಿಂದಲೂ ಮೀನು, ಮೊಟ್ಟೆ ಇಲ್ಲದ ಮನೆ. ಬಿ12 ಸಿಗುತ್ತಿದ್ದದ್ದು ಹಾಲು, ಮೊಸರಿನಿಂದ ಮಾತ್ರ. ಅದನ್ನು ಬಿಟ್ಟೆ, ಬದಲಿಗೆ ಏನೂ ತೆಗೆದುಕೊಳ್ಳಲಿಲ್ಲ. ಸೊಪ್ಪು, ಬೇಳೆ, ಕಾಯಿಹಾಲು ಎಷ್ಟು ತಿಂದರೂ ಅದು ಬರುವುದಿಲ್ಲ. ತುಂಬಾ ಕಾಲ ಹಾಗೇ ಬಿಟ್ಟರೆ ನರಕ್ಕಾದ ಪೆಟ್ಟು ಪೂರ್ತಿ ವಾಸಿಯಾಗದೆಯೂ ಇರಬಹುದು. ನನಗೆ ಇಂಜೆಕ್ಷನ್ ಬೇಕಾಯಿತು, ಈಗ ಮಾತ್ರೆ. ಹಾಗಾಗಿ ಹಾಲು ಬಿಡುವ ಮೊದಲೇ ಬಿ12 ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿ ಬಿಟ್ಟ ದಿನದಿಂದಲೇ ಮಾತ್ರೆ ಶುರು ಮಾಡಿ. ಒಳ್ಳೆಯ ಊಟ ಮಾಡುವವರಿಗೆ ಮಾತ್ರೆ ಯಾಕೆ ಅನ್ನುವವರ ಮಾತು ಕೇಳಲೇಬೇಡಿ.

ಟೈಪಿಂಗಿಗೆ ಯಾವ ಸಾಫ್ಟ್‌ವೇರ್ ಕೊಳ್ಳಲಿ ಅಂತಲೂ ಕೇಳಿದ್ದೀರಿ. ಯಾವುದೂ ಬೇಡ. ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಕಲಿಯಿರಿ, ಅದು ಭಾರತದ ಭಾಷೆಗಳಿಗೆ ಮಾಡಿದ ಕೀಬೋರ್ಡ್ ಜೋಡಣೆ, ವಿಂಡೋಸ್, ಲಿನಕ್ಸ್ ಎರಡರಲ್ಲೂ ಅದು ಇದ್ದೇ ಇದೆ. ಸ್ವರಚಿಹ್ನೆಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಎಫ್, ಜೆ ಕೀಗಳ ಮೇಲೆ ಸಣ್ಣ ಉಬ್ಬುಗೆರೆ ಇರುತ್ತದಲ್ಲ, ತೋರುಬೆರಳುಗಳನ್ನು ಅಲ್ಲಿಡಿ. ಜೆ ಒತ್ತಿದರೆ ರ, ಹಿಂದೆಯೇ ಎಫ್ ಒತ್ತಿದರೆ ಗುಡಿಸು ಬಂದು ರಿ. ಮಲಯಾಳಕ್ಕೆ ಬದಲಾಯಿಸಿ ಅದೇ ಎರಡು ಕೀ ಒತ್ತಿ, ಮಲಯಾಳದ ರಿ ಬರುತ್ತದೆ. ಕಾಸರಗೋಡಿನಲ್ಲಿ ಒಂದು ಅರ್ಜಿ ಕನ್ನಡದಲ್ಲಾದರೆ ಮುಂದಿನದು ಮಲಯಾಳದಲ್ಲಿ. ಒಮ್ಮೆ ಕಲಿತ ಬೆರಳು ಎರಡಕ್ಕೂ ಆಗುತ್ತದೆ. ಇಂಗ್ಲಿಷ್ ಅಕ್ಷರ ಕುಟ್ಟಿ ಕನ್ನಡ ಬರಿಸುವ ದಾರಿ ಹಿಡಿಯಬೇಡಿ.

ಕೀಗಳಿಗೆ ಕನ್ನಡ ಸ್ಟಿಕ್ಕರ್ ಅಂಟಿಸುವುದೂ ಬೇಡ, ಕಣ್ಣು ಸುಮ್ನೆ ಅಲ್ಲಿಗೇ ಹೋಗುತ್ತದೆ. ಅಕ್ಷರಗಳ ಚಿತ್ರ ಪ್ರಿಂಟ್ ಮಾಡಿ ಸ್ಕ್ರೀನಿನ ಪಕ್ಕ ಹಚ್ಚಿ. ಸ್ಪೀಡು ಅಳೆಯುವುದನ್ನು ಆಮೇಲೆ ನೋಡೋಣ, ಮೊದಲು ತಪ್ಪಿಲ್ಲದೆ ಬರಲಿ.